ಹಳೆಯ ಸಾಫ್ಟ್‌ವೇರೇ ಇರಲಿ

ಕಣ್ಣಿನ ಆಸ್ಪತ್ರೆಯಲ್ಲಿ ಔಷಧಿ ಹಾಕಿಸಿಕೊಂಡು ಕೂತವರಿಗೆ ಕಿವಿಯೊಂದೇ ಕೆಲಸಕ್ಕೆ ಬರುವುದು. ನನ್ನ ಪಕ್ಕದಲ್ಲಿ ಅಣ್ಣ, ತಂಗಿ ಇಬ್ಬರು ಮಾತಾಡುತ್ತಿದ್ದರು. ಅಣ್ಣ ಕಾದಂಬರಿ ಬರೆಯುವವರು.

“ಆರುನೂರು ಪುಟ ಒಂದೇ ಫೈಲಲ್ಲಿ ತುರುಕಿದ್ರೆ ಕಂಪ್ಯೂಟರ್ ಹ್ಯಾಂಗ್ ಆಗದೆ ಇನ್ನೇನಾಗುತ್ತೆ? ಹೊಸ ಸಾಫ್ಟ್‌ವೇರ್ ಹಾಕ್ಕೊಟ್ಟೆನಲ್ಲ, ಅದರಲ್ಲಿ ಅಧ್ಯಾಯಗಳನ್ನ ಬೇರೆ ಬೇರೆ ಇಟ್ಕೋಬಹುದು.”

“ಹಾಕಿ ನೋಡ್ದೆ ಕಣಮ್ಮ. ಕಾದಂಬರಿ ಪೂರ್ತಿ ಬಂತು. ಅಂಚಲ್ಲಿದ್ದ ಟಿಪ್ಪಣಿ ಒಂದೂ ಬರ್ಲಿಲ್ಲ.”

“ಯಾವ ಟಿಪ್ಪಣಿ?”

“ನಿನ್ನ ಅತ್ತಿಗೇದು.”



“ಪೂರ್ತಿ ಓದೋ ಮುಂಚೆನೇ ಹೋಗ್ಬಿಟ್ರಲ್ಲ ಪಾಪ.”

“ಅರ್ಧ ಓದಿದ್ಲು. ಆಸ್ಪತ್ರೆ ಹಾಸಿಗೆ ಮೇಲಿಂದಾನೂ ಬೈದು ಬರೆದಿದ್ದಾಳೆ, ‘ಈ ಮುದುಕ ಸಾಯೋಕೆ ಹನ್ನೆರಡು ಪುಟ ಯಾಕ್ರೀ ಬೇಕು?’ ಅಂತ.”

ತಂಗಿ ನಗಲು ಹೋಗಿ ಮೂಗು ಒರೆಸಿಕೊಂಡರು.

“ಹಾಗಾದ್ರೆ ಅವರು ಹೇಳಿದ್ದನ್ನೆಲ್ಲ ತಿದ್ದಿಬಿಡು. ಆಮೇಲೆ ಹೊಸದಕ್ಕೆ ಹಾಕೋಣ.”

“ತಿದ್ದಿದ ಮೇಲೆ ಟಿಪ್ಪಣಿ ಅಳಿಸ್ಬೇಕಲ್ಲ. ಕೈ ಏಳಲ್ಲ.”

“ಹಳೇದು ಫೈಲ್ ತೆರೆಯೋಷ್ಟರಲ್ಲಿ ಕಾಫಿ ಮಾಡ್ಕೊಂಡು ಕುಡಿದು ಬರಬಹುದಲ್ಲಣ್ಣ!”

ಅಷ್ಟರಲ್ಲಿ ನರ್ಸ್ ಕರೆದರು. ಅಣ್ಣ ಕಣ್ಣು ಮುಚ್ಚಿಕೊಂಡೇ ತಂಗಿಯ ಭುಜ ಹುಡುಕಿ ಹಿಡಿದು ಎದ್ದರು.

“ಕಾಯ್ತೀನಿ ಬಿಡು. ಅವಳು ಓದುವಾಗಲೂ ಎದುರಿಗೆ ಕೂತು ಹೀಗೇ ಕಾಯ್ತಿದ್ದೆ,” ಎನ್ನುತ್ತಾ ಒಳಗೆ ಹೋದರು.