ಖಾಲಿ ಚೀಲ

ವಿದ್ಯಾನಗರದ ಬೇಕರಿಯಲ್ಲಿ ನನ್ನ ಮುಂದೆ ಅಕ್ಕತಂಗಿಯರಿಬ್ಬರು ನಿಂತಿದ್ದರು. ಸತ್ತೂರಿನ ಆಸ್ಪತ್ರೆಯಲ್ಲಿದ್ದ ತಾಯಿಗೆಂದು ತಂಗಿ ಕಂದು ಬಣ್ಣದ ಬ್ರೆಡ್ ಆರಿಸಿದಳು.

“ಇದು ಗೋದಿದು ಅಕ್ಕಾ, ಶುಗರ್ ಏರೂದಿಲ್ಲ.”

“ಹಿಂದ ಓದವಾ. ಮೊದಲನೇ ಹೆಸರ ಮೈದಾ. ಬಣ್ಣ ಬ್ಯಾರೆ ಹಾಕ್ಯಾರ.”

“ಹಂಗಾರ ಟೋಸ್ಟ್?”

“ಅದೂ ಮೈದಾನ. ಶುಗರ್ ಇಳಿಯೂತನಕ ಕಾಲಿನ ಆಪರೇಷನ್ ಮಾಡಂಗಿಲ್ಲ ಅಂದಾರಲ್ಲ ಡಾಕ್ಟರು?”

“ಮಂದಿ ಎಲ್ಲಾ ಬ್ರೆಡ್ ತರತಾರ. ಮಕ್ಕಳಾಗಿ ಬರಿಗೈಲೆ ಹ್ಯಾಂಗ ಹೋಗೂದು?”

“ಅದಕ್ಕ ಶುಗರ್ ಇಳಿವಲ್ದು. ತಂದವ್ರು ಬ್ಯಾಸರ ಮಾಡ್ಕೋತಾರಂತ ಅವ್ವ ಎಲ್ಲಾರ ಮುಂದೂ ಒಂದೊಂದು ತಿಂತಾಳ.”

ತಂಗಿ ಬ್ರೆಡ್ಡನ್ನು ಇದ್ದಲ್ಲೇ ಇಟ್ಟು, ಕೈಯಲ್ಲಿದ್ದ ಚೀಲ ನೋಡಿದಳು.

“ಚೀಲಾ ಖಾಲಿನ ಉಳೀತು.”

“ಉಳೀಲಿ. ಅವ್ವನ ತಲಿದಿಂಬಿನ ಬಾಜೂ ಮಂದಿ ತಂದಿಟ್ಟಿದ್ದೆಲ್ಲಾ ಅದರಾಗ ತುಂಬ್ಕೊಂಡು ಬರೂಣು.”

ಇಬ್ಬರೂ ಬಸ್ಸಿನತ್ತ ನಡೆದರು.