ದೊಡ್ಡಮುನಿಯಮ್ಮ ಎಂಬ ಹೂವು

ಯುದ್ಧಕಾಲದ ಸೀಮೆಎಣ್ಣೆ ಸಾಲು ಹಲಸೂರು ಕೆರೆ ಏರಿಯವರೆಗೂ ಬೆಳೆದಿತ್ತು. ಜೋಗುಪಾಳ್ಯದ ಯಶೋದಮ್ಮ ಡಬ್ಬ ಹಿಡಿದು ನಿಂತಿದ್ದಳು. ಅವಳ ಮುಂದೆಯೇ ಹೂಗಿಡದ ನರ್ಸರಿಯ ಸಂಜೀವಪ್ಪನಿಗೂ ಅವನ ವಿಧವೆ ಅತ್ತಿಗೆ ದೊಡ್ಡಮುನಿಯಮ್ಮನಿಗೂ ಜಗಳ ಹತ್ತಿಕೊಂಡಿತು.

“ನಿಮ್ಮಣ್ಣ ಎರಡು ಜಾತಿ ಕೂಡಿಸಿ ಮಾಡಿದ್ ಆರ್ಕಿಡ್ಡು ಎಲ್ಲೋ? ಅದಕ್ಕೆ ನನ್ನ ಹೆಸರಿಟ್ಟಿದ್ರು.”

“ಹುಡುಕ್ಕೊಳ್ಳಿ ಅತ್ತಿಗೆ.”

“ಬೆನ್ಸನ್ ಟೌನ್ ಬಂಗಲೆಗಳನ್ನೆಲ್ಲ ಅಲೆದೆ. ದೊಡ್ಡಮುನಿಯಮ್ಮ ಅನ್ನೋ ಗಿಡಾನೇ ಇಲ್ಲ ಅಂತಾರೆ.”

“ಆ ಹೆಸರು ಹೇಳಿದ್ರೆ ದೊರೆಸಾನಿಗಳು ಕೊಳ್ತಾರಾ? ಗಿಡದ ಬುಡ ಸೀಳಿ ಸೀಳಿ ಹತ್ತಾರು ಮಾಡಿ, ಮಿಸೆಸ್ ಹಾರ್ಟ್ಲಿ ಅಂತ ಚೀಟಿ ಕಟ್ಟಿ ಮಾರ್ದೆ. ಈಗ ಎಲ್ಲರ ಮನೇಲೂ ಇದೆ. ಹಳೇ ಹೆಸರು ಹಿಡ್ದು ಹುಡುಕಿದ್ರೆ ಎಲ್ಲಿ ಸಿಗುತ್ತೆ?”

“ಯಾರೋ ಅವಳು, ಹಾರ್ಟ್ಲಿ?”

“ಯಾರೂ ಇಲ್ಲ. ನಾನೇ ಹುಟ್ಟಿಸಿದ್ದು.”

“ಇರೋಳ ಹೆಸರು ಅಳಿಸಿ ಇಲ್ಲದೋಳ ಹೆಸರು ಬರೆದ್ಯಾ? ನಿನ್ನ ಕೈ ಸೇದೋಗ!”

ಖಾಲಿ ಡಬ್ಬದೊಂದಿಗೇ ದೊಡ್ಡಮುನಿಯಮ್ಮ ಸಾಲು ಬಿಟ್ಟು ನಡೆದಳು. ಸಂಜೀವಪ್ಪ ಹಿಂತಿರುಗಿ, ತನ್ನ ಗಿರಾಕಿ ಯಶೋದಮ್ಮನನ್ನು ಕಂಡು ಹಲ್ಲು ಕಿರಿದ.

“ನೀವು ಒಯ್ದ ಮಿಸೆಸ್ ಹಾರ್ಟ್ಲಿ ಹೂ ಬಿಡ್ತಾ, ಅಮ್ಮಾವ್ರೆ?”

“ಅವಳ್ಯಾರೋ ನಂಗೊತ್ತಿಲ್ಲ. ನಮ್ಮನೇಲಿ ಬಿಟ್ಟಿರೋದು ದೊಡ್ಡಮುನಿಯಮ್ಮ” ಎಂದ ಯಶೋದಮ್ಮ, ತಾನೂ ಸಾಲು ಬಿಟ್ಟು ಆ ಹೆಂಗಸಿನ ಹಿಂದೆ ಬಿರಬಿರನೆ ಹೊರಟಳು.