ಒಂದೇ ತಾರಸಿಯ ಬಿಸಿಲು

“ಸುತ್ತ ಅಷ್ಟು ಮರ ಅದಾವ ಅಂದ್ರ ನಿಮ್ಮ ಡಮ್ ಡಮ್ ಬಡಾವಣಿ ಸ್ವರ್ಗ ಬಿಡ್ರಿ, ರಾಜೀವಕ್ಕ!”

ಅರವತ್ತೊಂಬತ್ತರ ಫೆಬ್ರವರಿ. ಕಲ್ಕತ್ತೆಯ ಕಾಳಿಘಾಟಿನ ಬಸ್ ನಿಲ್ದಾಣದಲ್ಲಿ ಧಾರವಾಡದ ಕನ್ನಡ ಕೇಳಿ ನನ್ನ ಕಿವಿ ನೆಟ್ಟಗಾಯಿತು. ಉತ್ತರ ಬಂದದ್ದು ಉಡುಪಿಯ ಕನ್ನಡದಲ್ಲಿ.

“ಎಂತ ಸ್ವರ್ಗ ಗಂಗೂಬಾಯಿ! ಆ ಮರಗಳ ನೆರಳಿಗೆ ಹೊಸ ಮನೆ ಅಂಗಳಕ್ಕೆ ಚೂರು ಬಿಸಿಲಿಲ್ಲ. ಹಪ್ಪಳ ಎಲ್ಲಿ ಒಣಗಿಸುದು? ಹಳೇ ಮನೆಗೇ ಹೋಗುವ ಅಂತ ಇವರ ಹತ್ರ ಅತ್ತಿದ್ದೆ.”

“ಈಗೂ ಅಳತೀರೇನು?”

“ಇಲ್ಲಪ್ಪ. ನಮ್ಮ ಬೀದಿಗೆ ಬಿಸಿಲು ಬೀಳುದು ಎದುರುಮನೆ ಅತ್ತಿಗೆ, ಬೌದಿ ಅಂತ ಹೇಳ್ತಾರಲ್ಲ, ಅವರ ತಾರಸಿಗೆ ಮಾತ್ರ. ಬಂಗಾಳಿ ಹೆಂಗಸರೆಲ್ಲ ಬೇಳೆ ಸಂಡಿಗೆ ಒಣಗಿಸ್ಲಿಕ್ಕೆ ಅಲ್ಲಿಗೇ ಬರುದು. ನಾನೂ ಹೋಗ್ತೇನೆ.”

“ಅವರ ಮಾತು ತಿಳೀತದೇನು?”

“ಕಾಗೆ ಓಡಿಸ್ಲಿಕ್ಕೆ ಯಾವ ಭಾಷೆ ಬೇಕು ಮಾರಾಯ್ರೇ? ಹಳೇ ಬೀದಿಯಲ್ಲಿ ಮನೆಮನೆಗೂ ಬಿಸಿಲಿತ್ತು. ಎಂಟು ವರ್ಷದಲ್ಲಿ ಒಬ್ಬಳ ಹೆಸರೂ ಗೊತ್ತಾಗ್ಲಿಲ್ಲ.”

“ಹಂಗಾರ ಮರ ಇರಬೇಕು ಅನ್ರಿ.”

“ಇರ್ಲಿ. ಇನ್ನೂ ನಾಲ್ಕು ಬೆಳೀಲಿ.”

ಅಷ್ಟರಲ್ಲಿ ಹನಿ ಬಿತ್ತು.

“ಅಯ್ಯ, ಇವತ್ತೂ ಹಪ್ಪಳ ಹಾಕೀರೇನು?”

“ಹಾಕಿದ್ದೇನೆ. ಬೌದಿ ತೆಗೀತಾರೆ.”

ಡಮ್ ಡಮ್ ಬಸ್ಸು ಬಂದು ನಿಂತಿತು. ರಾಜೀವಿ ಹತ್ತಲಿಲ್ಲ. ಗಂಗೂಬಾಯಿಯ ಕೊಡೆಯೊಳಗೆ ತೂರಿಕೊಂಡಳು; ಇಬ್ಬರೂ ನಿಧಾನವಾಗಿ ಕಾಳಿಯ ಗುಡಿಯ ಕಡೆ ನಡೆದರು.